ನೀರಿನಿಂದ ನಡೆದ ಗಿರಣಿಗಳು: ನೋಡುವ ಬಗೆ, ಉಳಿಸುವ ಲೆಕ್ಕ

1998ರ ಮಾರ್ಚ್ ತಿಂಗಳಿನಲ್ಲಿ ಮಲೆನಾಡಿನ ಒಂದು ಕಾಫಿ ತೋಟದ ಪಾಲುದಾರಿಕೆ ಸಂಸ್ಥೆಯ ಲೆಕ್ಕಪರಿಶೋಧನೆಗೆಂದು ಹೋಗಿದ್ದೆ. ವೃತ್ತಿಗೆ ಬಂದು ಕೆಲವೇ ವರ್ಷಗಳಾಗಿದ್ದ ಕಾಲವದು. ಸ್ಥಿರಾಸ್ತಿಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಒಂದೊಂದನ್ನೂ ಕಣ್ಣಾರೆ ಕಂಡು ಗುರುತು ಹಾಕುವ ಉತ್ಸಾಹವಿತ್ತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹಿಂಬದಿಯಲ್ಲಿ, ಹಳ್ಳದಿಂದ ಬಂದ ಒಂದು ಒಣಗಿದ ಕಾಲುವೆಯ ತುದಿಯಲ್ಲಿ, ಆಳೆತ್ತರವನ್ನು ಮೀರಿದ ಕಬ್ಬಿಣದ ಚಕ್ರವೊಂದು ನಿಂತಿತ್ತು. ಅದರ ತೊಟ್ಟಿಗಳಲ್ಲಿ ಜರೀಗಿಡಗಳು ಬೆಳೆದಿದ್ದವು. ಪಟ್ಟಿಯಲ್ಲಿ ‘ನೀರಿನ ಚಕ್ರ – 1’ ಎಂದು ಬರೆದಿತ್ತು. ಎದುರಿಗೆ ಪುಸ್ತಕ ಮೌಲ್ಯ ಒಂದು ರೂಪಾಯಿ. ವಿದ್ಯುತ್ ಮೋಟಾರು ಬಂದ ಮೇಲೆ ಅದು ತಿರುಗಿಯೇ ಇಲ್ಲವೆಂದು ರೈಟರು ಹೇಳಿದರು. ನಾನು ಷರಾ ಬರೆದೆ: ‘ನಿರುಪಯುಕ್ತ. ವಿಲೇವಾರಿ ಮಾಡಬಹುದು.’

ಯಜಮಾನರು ನನ್ನ ಮಾತನ್ನು ಗೌರವಿಸಿದರು. ಗುಜರಿ ವ್ಯಾಪಾರಿಯೊಬ್ಬರು ಬಂದು ಚಕ್ರವನ್ನು ತುಂಡರಿಸಿ, ತೂಕ ಹಾಕಿ, ಲಾರಿಯಲ್ಲಿ ಒಯ್ದರು. ಬಂದ ಹಣವನ್ನು ಅಂದಿನ ಆದಾಯ ತೆರಿಗೆ ನಿಯಮದಂತೆ ಯಂತ್ರೋಪಕರಣಗಳ ಒಟ್ಟು ಗುಂಪಿನ ಮೌಲ್ಯದಲ್ಲಿ ಕಳೆದೆವು. ಲೆಕ್ಕದಲ್ಲಿ ಒಂದು ಪೈಸೆಯ ತಪ್ಪೂ ಇರಲಿಲ್ಲ.

ಹದಿನೈದು ವರ್ಷಗಳ ತರುವಾಯ ಆ ಯಜಮಾನರ ಮಗ ದೂರವಾಣಿ ಮಾಡಿದರು. ತೋಟದಲ್ಲಿ ಅತಿಥಿಗಳಿಗೆ ತಂಗುವ ವ್ಯವಸ್ಥೆ ಆರಂಭಿಸಿದ್ದರು. “ಸಾರ್, ನಮ್ಮ ಅಜ್ಜನ ಕಾಲದ ನೀರಿನ ಚಕ್ರದ ಒಂದು ಫೋಟೋ ನಿಮ್ಮ ಫೈಲಿನಲ್ಲಿ ಏನಾದರೂ ಇದೆಯಾ? ಬಂದವರೆಲ್ಲ ಕಾಲುವೆ ನೋಡಿ, ಇದು ಎಲ್ಲಿಗೆ ಹೋಗುತ್ತಿತ್ತು ಅಂತ ಕೇಳುತ್ತಾರೆ.” ಹಳೆಯ ಕಡತವನ್ನು ಹುಡುಕಿಸಿದೆ. ತೂಕದ ಚೀಟಿ ಇತ್ತು. ಫೋಟೋ ಇರಲಿಲ್ಲ.

ಈ ಲೇಖನದ ಮೂಲ ಆ ದೂರವಾಣಿ ಕರೆ. ನಮ್ಮ ಸದಸ್ಯರಲ್ಲಿ ಅನೇಕರ ಹಿರಿಯರು ಕಟ್ಟಿದ ಗಿರಣಿ, ಗೋದಾಮು, ಎಣ್ಣೆಯ ಗಾಣ, ಹತ್ತಿ ಜಿನ್ನುಗಳು ಇಂದು ಅಢಾವೆ ಪತ್ರಿಕೆಯ ಮೂಲೆಯಲ್ಲಿ ಒಂದು ರೂಪಾಯಿಗೋ ನೂರು ರೂಪಾಯಿಗೋ ಕುಳಿತಿವೆ. ಅವುಗಳನ್ನೆಲ್ಲ ಉಳಿಸಿರೆಂದು ಹೇಳುವ ಭಾವುಕತೆ ನನಗಿಲ್ಲ. ಉಳಿಸಲು ಹಣ ಬೇಕು, ಹಣಕ್ಕೆ ಲೆಕ್ಕ ಬೇಕು. ಆದರೆ ಗುಜರಿಗೆ ಹೋಗಬೇಕಾಗಿದ್ದ ನೀರಿನ ಗಿರಣಿಗಳು ಲೆಕ್ಕದ ಬಲದಿಂದಲೇ ಉಳಿದ ನಿದರ್ಶನಗಳಿವೆ. ಅವುಗಳಲ್ಲಿ ಒಂದನ್ನು 2019ರ ಬೇಸಿಗೆಯಲ್ಲಿ, ಮಗಳು ಗ್ಲಾಸ್ಗೋದಲ್ಲಿ ವ್ಯಾಸಂಗ ಮಾಡುತ್ತಿದ್ದಾಗ, ನೋಡುವ ಅವಕಾಶ ಒದಗಿತು. ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ಎಂಬ ಗಿರಣಿ ಗ್ರಾಮವದು.

ನೀರಿನ ಲೆಕ್ಕ

ಮೊದಲು ನೀರಿನ ಶಕ್ತಿಯ ಬಗ್ಗೆ ನಾಲ್ಕು ಮಾತು. ಉಗಿಯಂತ್ರಕ್ಕಿಂತ ಮೊದಲೇ ಕೈಗಾರಿಕೆ ದೊಡ್ಡದಾಗಿ ಬೆಳೆದದ್ದು ನೀರಿನಿಂದ ಎಂಬುದನ್ನು ನಾವು ಮರೆಯುತ್ತೇವೆ. ರಿಚರ್ಡ್ ಆರ್ಕ್‌ರೈಟ್ 1769ರಲ್ಲಿ ಹಕ್ಕುಸ್ವಾಮ್ಯ ಪಡೆದ ನೂಲುವ ಯಂತ್ರಕ್ಕೆ ‘ವಾಟರ್ ಫ್ರೇಮ್’ ಎಂದೇ ಹೆಸರು ಬಂತು. 1771ರಲ್ಲಿ ಆತ ಇಂಗ್ಲೆಂಡಿನ ಕ್ರಾಮ್‌ಫರ್ಡ್ ಎಂಬಲ್ಲಿ ಹತ್ತಿ ಗಿರಣಿ ಸ್ಥಾಪಿಸಿದಾಗ, ಹಿಟ್ಟು ಬೀಸುವವರು ಶತಮಾನಗಳಿಂದ ಬಳಸುತ್ತಿದ್ದ ಚಕ್ರವೇ ಕದಿರುಗಳನ್ನು ತಿರುಗಿಸಿತು. ಹಿಟ್ಟು ಬೀಸುವುದೂ ಗಿರಣಿ, ನೂಲು ತೆಗೆಯುವುದೂ ಗಿರಣಿ ಎಂದು ನಾವು ಕರೆಯುತ್ತೇವಲ್ಲ, ಇಂಗ್ಲಿಷಿನವರ ‘ಮಿಲ್’ ಎಂಬ ಶಬ್ದದ ಕಥೆಯೂ ಅದೇ.

ಚಕ್ರಗಳಲ್ಲಿ ಬಗೆಗಳಿವೆ. ನೀರು ಚಕ್ರದ ಅಡಿಯನ್ನು ತಳ್ಳಿಕೊಂಡು ಹೋಗುವುದು ಒಂದು. ನಡುವಿನ ಎತ್ತರದಲ್ಲಿ ತಾಗುವುದು ಇನ್ನೊಂದು. ಮೇಲಿನಿಂದ ತೊಟ್ಟಿಗಳಿಗೆ ಬಿದ್ದು, ತನ್ನ ತೂಕದಿಂದಲೇ ಚಕ್ರವನ್ನು ಇಳಿಸುವುದು ಮತ್ತೊಂದು. ನಮ್ಮ ಹಿಮಾಲಯದ ತಪ್ಪಲಿನ ಘರಾಟ್‌ಗಳಲ್ಲಿ ಚಕ್ರ ಮಲಗಿರುತ್ತದೆ, ಅದರ ನೆಟ್ಟನೆಯ ದಿಂಡು ಮೇಲಿನ ಬೀಸುಕಲ್ಲನ್ನು ನೇರವಾಗಿ ತಿರುಗಿಸುತ್ತದೆ. ಜಾನ್ ಸ್ಮೀಟನ್ ಎಂಬ ಇಂಜಿನಿಯರು 1759ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ತನ್ನ ಪ್ರಯೋಗಗಳ ಫಲವನ್ನು ಒಪ್ಪಿಸಿ, ಮೇಲಿನಿಂದ ಬೀಳುವ ನೀರಿನ ಚಕ್ರವು ಅಡಿಯಿಂದ ತಳ್ಳಿಸಿಕೊಳ್ಳುವ ಚಕ್ರಕ್ಕಿಂತ ಸುಮಾರು ಎರಡರಷ್ಟು ಕೆಲಸ ಕೊಡುತ್ತದೆಂದು ತೋರಿಸಿದ. ಅದುವರೆಗೆ ಗಿರಣಿ ಕಟ್ಟುವವರು ಅನುಭವದ ಅಂದಾಜಿನಲ್ಲಿ ಮಾಡುತ್ತಿದ್ದ ಕೆಲಸಕ್ಕೆ ಅಂಕಿಗಳ ಆಧಾರ ದೊರೆಯಿತು.

ಒಂದು ಸರಳ ಲೆಕ್ಕ ನೋಡೋಣ. ಸೆಕೆಂಡಿಗೆ ಒಂದು ಘನ ಮೀಟರ್ ನೀರು ಐದು ಮೀಟರ್ ಕೆಳಗಿಳಿದರೆ ಅದರಲ್ಲಿರುವ ಶಕ್ತಿ ಸುಮಾರು 49 ಕಿಲೋವ್ಯಾಟ್. ಒಳ್ಳೆಯ ಚಕ್ರವೊಂದು ಅದರ ಮೂರರಲ್ಲಿ ಎರಡು ಪಾಲನ್ನು ಹಿಡಿದುಕೊಂಡಿತೆನ್ನಿ: 33 ಕಿಲೋವ್ಯಾಟ್, ಅಂದರೆ ಸುಮಾರು 44 ಅಶ್ವಶಕ್ತಿ. ಹತ್ತು ಅಶ್ವಶಕ್ತಿಯ ಮೋಟಾರಿರುವ ನಾಲ್ಕು ಹಿಟ್ಟಿನ ಗಿರಣಿಗಳು ಒಟ್ಟಿಗೆ ನಡೆಯುವಷ್ಟು. ಇಂಧನದ ಬಿಲ್ಲು ಶೂನ್ಯ. ಆದರೆ ಒಡ್ಡು, ಕಾಲುವೆ, ತೂಬುಗಳ ದುರಸ್ತಿ ನಿರಂತರ. ಬಂಡವಾಳ ಹೆಚ್ಚು, ನಡೆಸುವ ಖರ್ಚು ಕಡಿಮೆ. ಇಂದಿನ ಸೌರ ಫಲಕದ ಲೆಕ್ಕಾಚಾರಕ್ಕೂ ಇದಕ್ಕೂ ಬಹಳ ಅಂತರವಿಲ್ಲ.

ಕ್ಲೈಡ್ ನದಿಯ ದಂಡೆಯಲ್ಲಿ

ಗ್ಲಾಸ್ಗೋ ಸೆಂಟ್ರಲ್ ನಿಲ್ದಾಣದಿಂದ ಲ್ಯಾನಾರ್ಕ್ ಪಟ್ಟಣಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ಹಾದಿ. ಅಲ್ಲಿಂದ ಗಿರಣಿ ಗ್ರಾಮಕ್ಕೆ ನಡೆದೇ ಹೋಗಬಹುದು. ರಸ್ತೆ ಇಳಿಯುತ್ತ ಹೋಗಿ, ತಿರುವಿನಲ್ಲಿ ಒಮ್ಮೆಗೇ ಕಣಿವೆಯ ತಳದಲ್ಲಿ ಸಾಲಾಗಿ ನಿಂತ ಭಾರಿ ಕಲ್ಲಿನ ಕಟ್ಟಡಗಳು ಕಾಣುತ್ತವೆ. ಇಂಥ ತಗ್ಗಿನಲ್ಲಿ, ಸರಕು ಸಾಗಿಸಲು ಇಷ್ಟು ಪ್ರಯಾಸವಾಗುವಲ್ಲಿ, ಯಾರಾದರೂ ಕಾರ್ಖಾನೆ ಕಟ್ಟುತ್ತಾರೆಯೇ ಎಂದು ವ್ಯಾಪಾರಿಗೆ ಮೊದಲು ಅನಿಸುವುದು ಸಹಜ. ಉತ್ತರ ನದಿಯಲ್ಲಿದೆ. ಕ್ಲೈಡ್ ನದಿ ಇಲ್ಲಿ ಜಲಪಾತಗಳ ಸರಣಿಯಾಗಿ ಧುಮುಕುತ್ತದೆ. ಸರಕನ್ನು ಎತ್ತಿನಿಂದಲೋ ಕುದುರೆಯಿಂದಲೋ ಎಲ್ಲಿಗಾದರೂ ಒಯ್ಯಬಹುದು. ಬೀಳುವ ನೀರನ್ನು ಬೇರೆಡೆಗೆ ಒಯ್ಯಲು ಆಗ ದಾರಿಯಿರಲಿಲ್ಲ.

ಗ್ಲಾಸ್ಗೋದ ವರ್ತಕ ಡೇವಿಡ್ ಡೇಲ್ 1785ರಲ್ಲಿ ಇಲ್ಲಿ ಕಟ್ಟಡ ಆರಂಭಿಸಿದ. ಕೆಲಕಾಲ ಆರ್ಕ್‌ರೈಟ್ ಅವನ ಪಾಲುದಾರನಾಗಿದ್ದ. ಬಂಡೆಯಲ್ಲಿ ಸುರಂಗ ಕೊರೆದು ನದಿಯ ನೀರನ್ನು ಕಾಲುವೆಗೆ ತಿರುಗಿಸಿದರು. 1786ರಲ್ಲಿ ನೂಲುವುದು ಆರಂಭವಾಯಿತು. 1788ರ ಅಕ್ಟೋಬರಿನಲ್ಲಿ ಮೊದಲ ಗಿರಣಿ ಸುಟ್ಟುಹೋಯಿತು. ಮರುವರ್ಷವೇ ಮತ್ತೆ ಎದ್ದು ನಿಂತಿತು. ಈ ವೈಭವದ ಬುನಾದಿಯಲ್ಲಿ ಏನಿತ್ತೆಂಬುದನ್ನೂ ಹೇಳಬೇಕು. ಅನಾಥಾಲಯಗಳಿಂದ ತಂದ ನೂರಾರು ಮಕ್ಕಳು ಇಲ್ಲಿ ದುಡಿದರು. ಅವರಲ್ಲಿ 275 ಮಂದಿ ವಾಸವಾಗಿದ್ದುದು ನಾಲ್ಕನೆಯ ಗಿರಣಿಯ ಕಟ್ಟಡದಲ್ಲಿಯೇ. ಕಚ್ಚಾ ಹತ್ತಿಯ ಬಹುಪಾಲನ್ನು ಅಟ್ಲಾಂಟಿಕ್ ಸಾಗರದಾಚೆ ಗುಲಾಮರು ಬೆಳೆದಿದ್ದರು.

ಡೇಲ್‌ನ ಅಳಿಯ ರಾಬರ್ಟ್ ಓವೆನ್ ಹಾಗೂ ಪಾಲುದಾರರು 1799ರಲ್ಲಿ ಈ ಗಿರಣಿಗಳನ್ನು 60,000 ಪೌಂಡಿಗೆ ಕೊಂಡರು. ವರ್ಷಕ್ಕೆ 3,000 ಪೌಂಡಿನಂತೆ ಇಪ್ಪತ್ತು ಕಂತು. ಓವೆನ್‌ನ ಸಾಮಾಜಿಕ ಪ್ರಯೋಗಗಳ ಬಗ್ಗೆ ವಾಣಿಜ್ಯ ಪದವಿಯ ದಿನಗಳಲ್ಲಿ ಸಹಕಾರ ಚಳವಳಿಯ ಪಾಠದಲ್ಲಿ ಎರಡು ಸಾಲು ಓದಿದ್ದ ನೆನಪು ಅನೇಕರಿಗಿರಬಹುದು. ಹತ್ತು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಗಿರಣಿಗೆ ಸೇರಿಸುವುದನ್ನು ಆತ ನಿಲ್ಲಿಸಿದ. ಸಗಟಾಗಿ ಕೊಂಡು ಕಡಿಮೆ ದರದಲ್ಲಿ ಮಾರುವ ಅಂಗಡಿ ತೆರೆದು, ಅದರ ಉಳಿತಾಯವನ್ನು ಶಾಲೆಗೆ ಹಾಕಿದ. ಅಮೆರಿಕದ ಹತ್ತಿ ಬರುವುದು ನಿಂತು ಗಿರಣಿ ನಾಲ್ಕು ತಿಂಗಳು ಸ್ಥಗಿತವಾದಾಗ 7,000 ಪೌಂಡಿಗೂ ಮಿಕ್ಕು ವೇತನವನ್ನು ಕೆಲಸವಿಲ್ಲದೆಯೇ ಪಾವತಿಸಿದ.

ಪಾಲುದಾರರು ಸುಮ್ಮನಿರುತ್ತಾರೆಯೇ? ಶಾಲೆಗೂ ಮನೆಗಳಿಗೂ ಹಣ ಸುರಿಯುತ್ತಿರುವುದು ಬಂಡವಾಳದ ದುರ್ಬಳಕೆ ಎಂದರು. 1813ರಲ್ಲಿ ಗಿರಣಿಗಳು ಹರಾಜಿಗೆ ಬಂದವು. ಓವೆನ್ ಹೊಸ ಪಾಲುದಾರರನ್ನು ಕಟ್ಟಿಕೊಂಡು 1,14,100 ಪೌಂಡಿಗೆ ಕೂಗಿ ತಾನೇ ಪಡೆದ. ಹೊಸ ಪಾಲುದಾರರಲ್ಲಿ ತತ್ತ್ವಜ್ಞಾನಿ ಜೆರೆಮಿ ಬೆಂಥಮ್ ಒಬ್ಬ. ಬಂಡವಾಳಕ್ಕೆ ಶೇಕಡ 5ರ ಪ್ರತಿಫಲ. ಅದರ ಮೇಲೆ ಬಂದದ್ದೆಲ್ಲ ಶಿಕ್ಷಣ ಮತ್ತು ಸುಧಾರಣೆಗೆ ಎಂದು ಕರಾರಾಯಿತು. ಹದಿನಾಲ್ಕು ವರ್ಷಗಳಲ್ಲಿ 60,000 ಇದ್ದದ್ದು 1,14,100 ಆದುದನ್ನು ಗಮನಿಸಬೇಕು. ಹಣ ‘ಹಾಳುಮಾಡಿದ’ ವ್ಯವಸ್ಥಾಪಕನ ಕೈಯಲ್ಲಿ ಆಸ್ತಿಯ ಬೆಲೆ ಸುಮಾರು ಇಮ್ಮಡಿಯಾಗಿತ್ತು.

ಓವೆನ್ 1825ರಲ್ಲಿ ಸಂಬಂಧ ಕಡಿದುಕೊಂಡ. ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು. 1881ರಲ್ಲಿ ಗೂರಾಕ್ ಎಂಬಲ್ಲಿನ ಹಗ್ಗದ ಕಂಪನಿಯ ಒಡೆಯರು ಗಿರಣಿಗಳನ್ನು ಕೊಂಡು ಬಲೆ, ಕ್ಯಾನ್ವಾಸ್ ಮುಂತಾದವನ್ನು ತಯಾರಿಸಿದರು. 1883ರಲ್ಲಿ ನಾಲ್ಕನೆಯ ಗಿರಣಿ ಬೆಂಕಿಗೆ ಆಹುತಿಯಾಯಿತು. 1898ರಲ್ಲಿ ಅದೇ ನೀರಿನಿಂದ ವಿದ್ಯುತ್ ಉತ್ಪಾದಿಸಿ ಕಾರ್ಮಿಕರ ಮನೆಗಳಿಗೂ ದೀಪ ಕೊಟ್ಟರು. ರಾತ್ರಿ ಹತ್ತಕ್ಕೆ ದೀಪ ಆರುತ್ತಿತ್ತು, ಶನಿವಾರ ಮಾತ್ರ ಹನ್ನೊಂದಕ್ಕೆ. 1955ರಲ್ಲಿ ಗ್ರಾಮ ರಾಷ್ಟ್ರೀಯ ವಿದ್ಯುತ್ ಜಾಲಕ್ಕೆ ಸೇರಿತು. 1968ರಲ್ಲಿ ಗಿರಣಿ ಮುಚ್ಚಿತು.

ಬಾಗಿಲು ಮುಚ್ಚಿದ ಮೇಲೆ

ನಮಗೆ ಮುಖ್ಯವಾದ ಭಾಗ ಇಲ್ಲಿಂದ ಆರಂಭವಾಗುತ್ತದೆ. ಮುಚ್ಚಿದ ಗಿರಣಿಗೆ ಮೊದಲ ಶತ್ರು ಮಳೆ, ಎರಡನೆಯ ಶತ್ರು ಗುಜರಿಯ ಬೆಲೆ. 1970ರಲ್ಲಿ ಗಿರಣಿಯ ಕಟ್ಟಡಗಳು ಲೋಹ ಬೇರ್ಪಡಿಸುವ ಒಂದು ಕಂಪನಿಗೆ ಮಾರಾಟವಾದವು. ಛಾವಣಿಗಳು ಸೋರಿದವು, ಅಂಗಳದಲ್ಲಿ ಹಳೆಯ ಲೋಹದ ರಾಶಿ ಬಿತ್ತು. ಓವೆನ್‌ನ ಶಾಲೆಯಿದ್ದ ಗ್ರಾಮ ಅಕ್ಷರಶಃ ಗುಜರಿ ಅಂಗಡಿಯಾಯಿತು.

ಆದರೆ ಗಿರಣಿ ಮುಚ್ಚುವ ಐದು ವರ್ಷ ಮೊದಲೇ, 1963ರಲ್ಲಿ, ಕಾರ್ಮಿಕರ ಮನೆಗಳನ್ನು ದುರಸ್ತಿ ಮಾಡಲು ಒಂದು ವಸತಿ ಸಂಘ ಹುಟ್ಟಿತ್ತು. ಕೆಡವುವ ಭೀತಿ ಎದುರಾದಾಗ 1974ರಲ್ಲಿ ನ್ಯೂ ಲ್ಯಾನಾರ್ಕ್ ಸಂರಕ್ಷಣಾ ಟ್ರಸ್ಟ್ ಸ್ಥಾಪನೆಯಾಯಿತು. ಗಿರಣಿಗಳನ್ನು ಕಡ್ಡಾಯ ಸ್ವಾಧೀನದ ಆದೇಶದ ಮೂಲಕ ಆ ಕಂಪನಿಯಿಂದ ಬಿಡಿಸಿಕೊಂಡದ್ದು 1983ರಲ್ಲಿ. ಅಂದರೆ ಒಂಬತ್ತು ವರ್ಷ ಟ್ರಸ್ಟಿನ ಕೈಯಲ್ಲಿ ಮುಖ್ಯ ಕಟ್ಟಡಗಳೇ ಇರಲಿಲ್ಲ. ಈ ಅವಧಿಯಲ್ಲಿ ಅವರು ಕೈಕಟ್ಟಿ ಕೂರಲಿಲ್ಲ. ತಮ್ಮ ವಶದಲ್ಲಿದ್ದ ಮನೆಗಳನ್ನು ಸರಿಪಡಿಸಿ ಜನರನ್ನು ಇರಿಸಿದರು. ಜನ ವಾಸಿಸುವ ಊರನ್ನು ಕೆಡವುವುದು ಪಾಳುಬಿದ್ದ ಊರನ್ನು ಕೆಡವುವಷ್ಟು ಸುಲಭವಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಪ್ರಯತ್ನದ ಜಾಣತನವಿರುವುದು ಇಲ್ಲಿಯೇ. ನಮ್ಮಲ್ಲಿ ಸಂರಕ್ಷಣೆಯೆಂದರೆ ಮೊದಲು ವಸ್ತುಸಂಗ್ರಹಾಲಯದ ಶಿಲಾನ್ಯಾಸ. ಅವರು ಮೊದಲು ಬಾಡಿಗೆ ಬರುವ ಮನೆಗಳಿಂದ ಆರಂಭಿಸಿದರು.

ತರುವಾಯ ಕಟ್ಟಡವೊಂದಕ್ಕೆ ಒಂದೊಂದು ಉದ್ಯೋಗ ಹುಡುಕುತ್ತ ಹೋದರು. ಮೊದಲನೆಯ ಗಿರಣಿಯ ಮೇಲಿನ ಎರಡು ಅಂತಸ್ತುಗಳು ಹಿಂದೆಯೇ ನಷ್ಟವಾಗಿದ್ದವು; ಅವುಗಳನ್ನು ಪುನಃ ಕಟ್ಟಿ 1998ರಲ್ಲಿ ಹೋಟೆಲ್ ತೆರೆದರು. ನಾನು ಮಲೆನಾಡಿನಲ್ಲಿ ಷರಾ ಬರೆದ ವರ್ಷವೇ ಅದು. ಮೂರನೆಯ ಗಿರಣಿಯಲ್ಲಿ ಹತ್ತೊಂಬತ್ತನೆಯ ಶತಮಾನದ ನೂಲುವ ಯಂತ್ರವೊಂದು ಉಣ್ಣೆಯ ನೂಲು ತೆಗೆಯುತ್ತದೆ. ಅದು ಬರಿಯ ಪ್ರದರ್ಶನವಲ್ಲ; ಆ ನೂಲಿಗೆ ಟ್ರಸ್ಟಿನ ಹೆಸರಿನ ಚೀಟಿ ಅಂಟಿಸಿ ಮಾರುತ್ತಾರೆ. ಅದೇ ಕಟ್ಟಡದ ಜಲಟರ್ಬೈನು ಸಂದರ್ಶಕರ ಭಾಗಕ್ಕೆ ವಿದ್ಯುತ್ ಕೊಡುತ್ತದೆ. ಶಾಲೆ ಮತ್ತು ಸಭಾಭವನಗಳು ಪ್ರದರ್ಶನಕ್ಕೆ ಮೀಸಲು. ಎರಡನೆಯ ಗಿರಣಿಯ ತಾರಸಿಯ ಮೇಲೆ ಉದ್ಯಾನವಿದೆ. ಹೋಟೆಲ್ ಮತ್ತು ಮಾರಾಟದ ವ್ಯವಹಾರಗಳನ್ನು ಟ್ರಸ್ಟ್ ತನ್ನ ಅಧೀನದ ಕಂಪನಿಗಳ ಮೂಲಕ ನಡೆಸುತ್ತ ಬಂದಿದೆ. ಧರ್ಮಾರ್ಥ ನಿಧಿಗೂ ವ್ಯಾಪಾರದ ನಷ್ಟ-ಲಾಭಕ್ಕೂ ನಡುವೆ ಗೋಡೆಯಿರಬೇಕೆಂಬುದು ಇದರ ಹಿಂದಿನ ತತ್ತ್ವ. 2001ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಗ್ರಾಮ ಸೇರಿತು. ಮನೆಗಳಿಂದ ಆರಂಭಿಸಿ ಮೂವತ್ತೆಂಟು ವರ್ಷ.

ಅನುದಾನದ ಪಾತ್ರವನ್ನು ನಾನು ಅಲ್ಲಗಳೆಯುತ್ತಿಲ್ಲ. ಸಾರ್ವಜನಿಕ ಹಣವಿಲ್ಲದೆ ಆ ಛಾವಣಿಗಳು ಏಳುತ್ತಿರಲಿಲ್ಲ. ಆದರೆ ಅನುದಾನ ಒಮ್ಮೆ ಬರುತ್ತದೆ, ಮಳೆ ಪ್ರತಿವರ್ಷ ಬರುತ್ತದೆ. ಪುನರುದ್ಧಾರ ಬಂಡವಾಳ ವೆಚ್ಚ. ನಿರ್ವಹಣೆ ಕಂದಾಯ ವೆಚ್ಚ. ಮೊದಲನೆಯದಕ್ಕೆ ದಾನಿಗಳು ಸಿಗುತ್ತಾರೆ, ಅವರ ಹೆಸರಿನ ಫಲಕವೂ ಬೀಳುತ್ತದೆ. ಗಟಾರ ಸ್ವಚ್ಛಗೊಳಿಸುವುದಕ್ಕೆ ಫಲಕವಿಲ್ಲ; ಆ ಹಣವನ್ನು ಗಿರಣಿಯೇ ದುಡಿಯಬೇಕು.

ಚಕ್ರದ ವಿಚಾರದಲ್ಲಿ ಒಂದು ತಮಾಷೆಯಿದೆ. ನ್ಯೂ ಲ್ಯಾನಾರ್ಕಿನಲ್ಲಿ ಸುಟ್ಟುಹೋದ ನಾಲ್ಕನೆಯ ಗಿರಣಿಯ ತಳಪಾಯದ ಬಳಿ ತಿರುಗುವ ನೀರಿನ ಚಕ್ರ ಅಲ್ಲಿಯದಲ್ಲ. ಫೈಫ್ ಪ್ರಾಂತ್ಯದ ಒಂದು ತೋಟದ ಗಿರಣಿಯಿಂದ ತಂದದ್ದು. ಇಂಗ್ಲೆಂಡಿನಲ್ಲಿ ಸ್ಯಾಮ್ಯುಯೆಲ್ ಗ್ರೆಗ್ 1784ರಲ್ಲಿ ಸ್ಥಾಪಿಸಿದ ಕ್ವಾರಿ ಬ್ಯಾಂಕ್ ಗಿರಣಿಯನ್ನು ಅವನ ವಂಶಸ್ಥರು 1939ರಲ್ಲಿ ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದರು. ಅಲ್ಲಿಯ ಮೂಲ ಚಕ್ರವೂ ಹೋಗಿ, 1904ರಲ್ಲಿ ಟರ್ಬೈನುಗಳು ಬಂದಿದ್ದವು; ಇಂದು ಸಂದರ್ಶಕರು ನೋಡುವ ಭಾರಿ ಕಬ್ಬಿಣದ ಚಕ್ರ ಬೇರೊಂದು ಗಿರಣಿಯದು. ಇದು ಮೋಸವೇ? ನನಗೆ ಹಾಗೆ ಅನಿಸಲಿಲ್ಲ. ಎರವಲೆಂಬುದನ್ನು ಅವರು ಮುಚ್ಚಿಟ್ಟಿಲ್ಲ, ನಾವು ಲೆಕ್ಕಪತ್ರಕ್ಕೆ ಟಿಪ್ಪಣಿ ಸೇರಿಸುವಂತೆ ಸ್ಪಷ್ಟವಾಗಿ ಹೇಳಿದ್ದಾರೆ. ಒಂದೆಡೆ ನಿಷ್ಪ್ರಯೋಜಕವೆಂದು ನಿಂತ ಚಕ್ರ ಇನ್ನೊಂದೆಡೆ ಬಾಳಿತು. ಮಲೆನಾಡಿನ ಆ ಚಕ್ರಕ್ಕೂ ಇಂಥ ಇನ್ನೊಂದು ಮನೆ ಸಿಗಬಹುದಿತ್ತು ಎಂಬ ಯೋಚನೆ ಅಲ್ಲಿ ನಿಂತಾಗ ಬಂತು.

ಬಾಡಿಗೆಗೆ ಕೊಡುವವರಿಗೆ ಕ್ರಾಮ್‌ಫರ್ಡ್ ಒಂದು ಎಚ್ಚರಿಕೆ. ಆರ್ಕ್‌ರೈಟ್‌ನ ಮೊದಲ ಗಿರಣಿಯ ಆವರಣದಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಬಣ್ಣದ ಪುಡಿ ತಯಾರಿಸುವ ಉದ್ಯಮ ನಡೆಯುತ್ತಿತ್ತು. 1979ರಲ್ಲಿ ಆರ್ಕ್‌ರೈಟ್ ಸೊಸೈಟಿ ಅದನ್ನು ಕೊಂಡಾಗ ಕಟ್ಟಡಗಳಲ್ಲಿ ಸೀಸದ ಸಂಯುಕ್ತಗಳ ಮಾಲಿನ್ಯ ಸೇರಿಹೋಗಿತ್ತು. ಪುನರುದ್ಧಾರಕ್ಕೆ ಮೊದಲು ವಿಷ ತೆಗೆಯುವ ಕೆಲಸವೇ ದೊಡ್ಡ ಹೊರೆಯಾಯಿತು. ಹಳೆಯ ಗೋದಾಮನ್ನು ರಾಸಾಯನಿಕ, ಬ್ಯಾಟರಿ ಅಥವಾ ಬಣ್ಣದ ವ್ಯವಹಾರಕ್ಕೆ ಬಾಡಿಗೆಗೆ ಕೊಡುವಾಗ ಸ್ವಚ್ಛಗೊಳಿಸಿ ಒಪ್ಪಿಸುವ ಹೊಣೆಯನ್ನು ಕರಾರಿನಲ್ಲಿ ಬರೆಸದಿದ್ದರೆ, ಹತ್ತು ವರ್ಷದ ಬಾಡಿಗೆ ಒಂದು ವರ್ಷದ ಶುದ್ಧೀಕರಣಕ್ಕೆ ಸಾಲದು.

ನಮ್ಮ ಗೋಕಾಕ

ಇಷ್ಟು ದೂರ ಹೋಗಿ ಬಂದ ಮೇಲೆ ನಮ್ಮ ನಾಡಿನ ನೀರಿನ ಗಿರಣಿಯ ಮಾತನ್ನು ಆಡದಿದ್ದರೆ ತಪ್ಪಾದೀತು. ಘಟಪ್ರಭೆ ಸುಮಾರು 52 ಮೀಟರ್ ಧುಮುಕುವ ಗೋಕಾಕ ಜಲಪಾತದ ನೆತ್ತಿಯ ಮೇಲೆಯೇ ನೂಲಿನ ಗಿರಣಿ ಸ್ಥಾಪನೆಯಾದದ್ದು ಆಕಸ್ಮಿಕವಲ್ಲ. 1885ರಲ್ಲಿ ಹುಟ್ಟಿದ ಕಂಪನಿಯ ಹೆಸರೇ ಕಾರಣವನ್ನು ಹೇಳುತ್ತದೆ: ಗೋಕಾಕ್ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ. ಹೆಸರಿನಲ್ಲಿ ನೀರಿನ ಶಕ್ತಿ ಮೊದಲು, ತಯಾರಿಕೆ ಆಮೇಲೆ. 1887ರಲ್ಲಿ ಗಿರಣಿ ಆರಂಭವಾಯಿತು. ನಾವು ಹೆಮ್ಮೆಯಿಂದ ನೆನೆಯುವ ಶಿವನಸಮುದ್ರದ ವಿದ್ಯುತ್ ಕೋಲಾರದ ಗಣಿಗಳಿಗೆ ಹರಿದದ್ದು 1902ರಲ್ಲಿ; ಅದಕ್ಕೂ ಹದಿನೈದು ವರ್ಷ ಮೊದಲು ಗೋಕಾಕದ ನೀರು ನೂಲು ತೆಗೆಯುತ್ತಿತ್ತು.

ಎರಡೂ ಸ್ಥಳಗಳಲ್ಲಿ ನೋಡುಗನಿಗೆ ಒಂದೇ ಬಗೆಯ ನಿರಾಶೆ ಕಾದಿರುತ್ತದೆ, ಅದಕ್ಕೆ ಕಾರಣವೂ ಒಂದೇ ಬಗೆಯದು. ನ್ಯೂ ಲ್ಯಾನಾರ್ಕಿನಿಂದ ನದಿಯ ಜಾಡು ಹಿಡಿದು ಮೇಲೆ ನಡೆದರೆ ಸಿಗುವ ಕೋರಾ ಲಿನ್ ಜಲಪಾತದಲ್ಲಿ ಎಷ್ಟೋ ದಿನ ನಿರೀಕ್ಷಿಸಿದಷ್ಟು ನೀರಿರುವುದಿಲ್ಲ. 1927ರಿಂದ ಬಾನಿಂಗ್ಟನ್ ವಿದ್ಯುತ್ ಕೇಂದ್ರ ತನ್ನ ಪಾಲನ್ನು ಕೊಳವೆಗಳಲ್ಲಿ ಒಯ್ಯುತ್ತದೆ. ಗೋಕಾಕದಲ್ಲಿ ಬೇಸಿಗೆಗೆ ಹೋದವರಿಗೆ ಬರಿಯ ಬಂಡೆ ಕಾಣುತ್ತದೆ. ಮೇಲ್ಭಾಗದಲ್ಲಿ ಹಿಡಕಲ್ ಅಣೆಕಟ್ಟೆಯಿದೆ, ಕಾಲುವೆಗಳ ಹಕ್ಕಿದೆ. ದುಡಿಯುವ ನದಿ ಸದಾ ಶೃಂಗಾರವಾಗಿ ಕುಳಿತಿರುವುದಿಲ್ಲ. ಹೋಗುವವರು ಜುಲೈಯಿಂದ ಸೆಪ್ಟೆಂಬರಿನೊಳಗೆ ಹೋಗುವುದು ಲೇಸು. ಗೋಕಾಕ ಪಟ್ಟಣದಿಂದ ಆರೇಳು ಕಿಲೋಮೀಟರ್ ಅಷ್ಟೆ. ತೂಗುಸೇತುವೆಯ ಮೇಲೆ ನಡೆಯಲು ಅವಕಾಶವಿದೆಯೇ ಎಂಬುದನ್ನು ಅಲ್ಲಿಯೇ ವಿಚಾರಿಸಿಕೊಳ್ಳಬೇಕು. ಗಿರಣಿಯ ಆವರಣ ಖಾಸಗಿ, ಆಡಳಿತದ ಅನುಮತಿಯಿಲ್ಲದೆ ಪ್ರವೇಶವನ್ನು ನಿರೀಕ್ಷಿಸಬಾರದು. ದಂಡೆಯಲ್ಲಿ ಚಾಲುಕ್ಯ ಶೈಲಿಯ ಹಳೆಯ ಗುಡಿಗಳಿವೆ. ಬರುವಾಗ ಕರದಂಟು ತರುವುದನ್ನು ನಾನು ಹೇಳಬೇಕಾಗಿಲ್ಲ.

ಯಾವ ನೀರಿನ ಗಿರಣಿಗೆ ಹೋದರೂ ಕಟ್ಟಡದಿಂದ ನೋಟವನ್ನು ಆರಂಭಿಸಬೇಡಿರಿ. ನೀರು ನದಿಯನ್ನು ಬಿಡುವ ಒಡ್ಡಿನಿಂದ ಹೊರಟು, ಕಾಲುವೆ, ತೂಬು, ಚಕ್ರ ಅಥವಾ ಟರ್ಬೈನು, ಅಲ್ಲಿಂದ ಶಕ್ತಿಯನ್ನು ಒಯ್ದ ದಿಂಡು ಅಥವಾ ಪಟ್ಟಿ, ಕೊನೆಗೆ ನೀರು ಮರಳಿ ನದಿಯನ್ನು ಸೇರುವ ಜಾಗ, ಹೀಗೆ ನಡೆದುನೋಡಿದರೆ ಕಟ್ಟಡ ಏಕೆ ಅಲ್ಲಿಯೇ, ಅಷ್ಟೇ ಎತ್ತರಕ್ಕೆ, ಅದೇ ದಿಕ್ಕಿಗೆ ನಿಂತಿದೆ ಎಂಬುದು ತಾನಾಗಿ ತಿಳಿಯುತ್ತದೆ. ಅನೇಕ ಕಡೆ ಚಕ್ರ ಹೋಗಿರುತ್ತದೆ, ಕಾಲುವೆ ಉಳಿದಿರುತ್ತದೆ. ಕಾಲುವೆಯನ್ನು ಮುಚ್ಚಿ ಮೇಲೆ ಷೆಡ್ಡು ಕಟ್ಟಿದ ದಿನ ಗಿರಣಿಯ ಅರ್ಥವೇ ಹೋಗುತ್ತದೆ, ಮುಂದೆ ಎಂದಾದರೂ ಕಿರು ಜಲವಿದ್ಯುತ್ ಘಟಕ ಹಾಕುವ ಅವಕಾಶವೂ ಹೋಗುತ್ತದೆ.

ಮಾರುವ ಮುನ್ನ

ಕೊನೆಯದಾಗಿ ಸದಸ್ಯರ ವ್ಯವಹಾರಕ್ಕೆ ಸಂಬಂಧಿಸಿದ ಕೆಲವು ವಿಷಯಗಳು. 2013ರ ಕಂಪನಿ ಕಾಯ್ದೆಯ ಎರಡನೆಯ ಅನುಸೂಚಿಯಂತೆ ಯಂತ್ರದ ಉಳಿಕೆ ಮೌಲ್ಯವನ್ನು ಸಾಮಾನ್ಯವಾಗಿ ಮೂಲ ಬೆಲೆಯ ಶೇಕಡ 5ಕ್ಕಿಂತ ಹೆಚ್ಚಾಗಿ ಹಿಡಿಯುವುದಿಲ್ಲ. ಸವಕಳಿ ಎಂಬುದು ವೆಚ್ಚವನ್ನು ವರ್ಷಗಳಿಗೆ ಹಂಚುವ ಕ್ರಮವೇ ಹೊರತು ಬೆಲೆ ಕಟ್ಟುವ ಕ್ರಮವಲ್ಲ. ನಮ್ಮ ವೃತ್ತಿಯ ಮೊದಲ ಪಾಠವಿದು. 1998ರಲ್ಲಿ ನಾನು ಮರೆತದ್ದೂ ಇದನ್ನೇ. ಪುಸ್ತಕದಲ್ಲಿ ಒಂದು ರೂಪಾಯಿ ಎಂದಿದ್ದರೆ, ವೆಚ್ಚವನ್ನು ಪೂರ್ತಿ ಹಂಚಿ ಮುಗಿಸಿದ್ದೇವೆ ಎಂದಷ್ಟೇ ಅರ್ಥ.

ಅದೇ ಕಾಯ್ದೆಯ 135ನೆಯ ಕಲಮಿನಂತೆ, ನಿವ್ವಳ ಸಂಪತ್ತು 500 ಕೋಟಿ, ಇಲ್ಲವೆ ವಹಿವಾಟು 1,000 ಕೋಟಿ, ಇಲ್ಲವೆ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗೆ ಸರಾಸರಿ ಲಾಭದ ಶೇಕಡ 2ನ್ನು ವೆಚ್ಚಮಾಡಬೇಕು. ಏಳನೆಯ ಅನುಸೂಚಿಯ ಪಟ್ಟಿಯಲ್ಲಿ ಐತಿಹಾಸಿಕ ಮಹತ್ತ್ವದ ಕಟ್ಟಡ ಹಾಗೂ ಸ್ಥಳಗಳ ಪುನರುದ್ಧಾರವೂ ಸೇರಿದೆ. ಕಂಪನಿಯ ಸಾಮಾನ್ಯ ವ್ಯವಹಾರದ ಭಾಗವಾದ ವೆಚ್ಚ ಈ ಲೆಕ್ಕಕ್ಕೆ ಬಾರದು. ಆದ್ದರಿಂದ ತನ್ನ ಚಾಲ್ತಿ ಗಿರಣಿಯ ಛಾವಣಿ ಹಾಕಿಸಿ ಪರಂಪರೆಯ ಹೆಸರು ಹೇಳಲಾಗದು. ಸಣ್ಣ ಉದ್ದಿಮೆದಾರರಿಗೆ ಈ ಬಾಧ್ಯತೆಯಿಲ್ಲ. ಆದರೆ ನಾಲ್ಕಾರು ಮನೆತನಗಳು ಸೇರಿ ಒಂದು ಟ್ರಸ್ಟ್ ರಚಿಸಿ, ನೋಂದಣಿಗಳನ್ನು ಕ್ರಮಬದ್ಧವಾಗಿ ಪಡೆದುಕೊಂಡರೆ, ಬಾಧ್ಯತೆಯಿರುವ ದೊಡ್ಡ ಕಂಪನಿಯ ಮುಂದೆ ಯೋಜನೆಯೊಂದನ್ನು ಇಡಲು ಅಡ್ಡಿಯಿಲ್ಲ. ಯೋಜನೆಯಲ್ಲಿ ಕಟ್ಟಡ ಎದ್ದು ನಿಂತ ಮೂರನೆಯ ವರ್ಷದ ಆದಾಯ ಎಲ್ಲಿಂದ ಎಂಬ ಪುಟ ಇರಲೇಬೇಕು. ನಾನು ಪರಿಶೀಲಿಸಿದ ಅರ್ಜಿಗಳಲ್ಲಿ ಬಹುತೇಕ ಆ ಪುಟವೇ ಇರುವುದಿಲ್ಲ.

ಇವಾವುದೂ ಸಾಧ್ಯವಿಲ್ಲ, ಮಾರಲೇಬೇಕು ಎನ್ನುವವರೂ ಇದ್ದಾರೆ. ಅವರ ಕಷ್ಟ ನನಗೆ ಗೊತ್ತು. ಈಗ ನನ್ನ ಕಚೇರಿಯಲ್ಲಿ ಒಂದು ಪದ್ಧತಿಯಿದೆ. ಐವತ್ತು ವರ್ಷ ಮೀರಿದ ಯಾವುದೇ ಯಂತ್ರವನ್ನು ಕಕ್ಷಿದಾರರು ವಿಲೇವಾರಿ ಮಾಡುವ ಮುನ್ನ, ನಾಲ್ಕು ಕಡೆಯಿಂದ ಫೋಟೋ, ಮೇಲೆ ಎರಕ ಹೊಯ್ದ ತಯಾರಕರ ಹೆಸರು, ಅಳತೆ, ಅದನ್ನು ನಡೆಸಿದ ಒಬ್ಬ ಹಿರಿಯ ಕೆಲಸಗಾರರ ಮಾತು ಎರಡು ಪುಟದಷ್ಟು, ಮತ್ತು ಗುಜರಿಯವರನ್ನು ಕರೆಯುವ ಮೊದಲು ಹತ್ತಿರದ ವಸ್ತುಸಂಗ್ರಹಾಲಯಕ್ಕೋ ಇಂಜಿನಿಯರಿಂಗ್ ಕಾಲೇಜಿಗೋ ಒಂದು ಪತ್ರ. ಅರ್ಧ ದಿನದ ಕೆಲಸ. ಇದಕ್ಕೆ ನಾನು ಶುಲ್ಕ ಹಾಕುವುದಿಲ್ಲ. ಇದುವರೆಗೆ ಹೀಗೆ ಹನ್ನೊಂದು ಕಡತಗಳು ಸೇರಿವೆ. ಎರಡು ಯಂತ್ರಗಳನ್ನು ಕಾಲೇಜಿನವರು ಬಂದು ಒಯ್ದರು. ಒಂದನ್ನು ಕಕ್ಷಿದಾರರ ತಾಯಿ, ಪತ್ರ ಬರೆದ ವಾರದಲ್ಲಿಯೇ, ಮಾರುವುದು ಬೇಡವೆಂದು ತಡೆದರು. ಉಳಿದ ಎಂಟು ತೂಕಕ್ಕೆ ಹೋದವು.